ಜಯಂತಿ ಬಸವಣ್ಣನವರದು, ಸಾಲು ಬಂಗಾರದಂಗಡಿಗೆ

2025ರ ಬಸವ ಜಯಂತಿ ಏಪ್ರಿಲ್ 30ರಂದು ಬಂತು. ಮುಂಜಾನೆ ಜಗತ್ ವೃತ್ತದಲ್ಲಿ ಬಸವೇಶ್ವರ ಪ್ರತಿಮೆಗೆ ಮಾಲೆ ಹಾಕಿ, ನಾಲ್ಕು ಜನರೊಡನೆ ಜೈಕಾರ ಕೂಗಿ, ಶಹಾಬಜಾರದ ಮನೆಗೆ ಮರಳುವಾಗ ಸರಾಫ ಬಜಾರದ ದಾರಿ ಹಿಡಿದೆ. ಒಂಬತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಬಂಗಾರದಂಗಡಿಯೊಂದರ ಮುಂದೆ ಶಾಮಿಯಾನ ಹಾಕಿ, ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದರು. ಸಾಲು ರಸ್ತೆಯವರೆಗೆ ಬಂದಿತ್ತು. ಸಾಲಿನಲ್ಲಿ ವಿಭೂತಿ ಧರಿಸಿದ ಹಣೆಗಳು ಕಡಿಮೆಯೇನೂ ಇರಲಿಲ್ಲ. ಅರ್ಧ ತಾಸಿನ ಹಿಂದೆ ನನ್ನ ಮಗ್ಗುಲಲ್ಲೇ ನಿಂತು ಜೈಕಾರ ಹಾಕಿದ್ದ ಪರಿಚಿತರೊಬ್ಬರು ಕೈಮಾಡಿ ಕರೆದರು: "ಬರ್ರಿ ಸಾಹೇಬ್ರ, ಇವತ್ತ ಒಂದ್ ಗುಂಜಿಯಾದ್ರೂ ತಗೋಬೇಕ್ರಿ. ಅಕ್ಷಯ ತದಿಗಿ. ಅಕ್ಷಯ ಆಗ್ತದ."

ನಾನು ನಕ್ಕು ಮುಂದೆ ನಡೆದೆ. ಹಾಗೆ ನಗುವ ಹಕ್ಕು ನನಗೂ ಇರಲಿಲ್ಲ. ಅದೇಕೆಂದು ಮುಂದೆ ಹೇಳುತ್ತೇನೆ.

ಆ ಬೇಸಿಗೆಯಲ್ಲಿ ಬಂಗಾರದ ಬಗ್ಗೆ ಮೂರು ದೊಡ್ಡ ಸುದ್ದಿಗಳು ಬಂದವು. ಒಂದು ಮಾರುಕಟ್ಟೆಯದು, ಒಂದು ವಿಜ್ಞಾನದ್ದು, ಒಂದು ರಿಸರ್ವ್ ಬ್ಯಾಂಕಿನದು. ನಾಲ್ಕನೆಯ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅದು ಕಮಲಾಪುರದಿಂದ ನನ್ನ ತಮ್ಮನ ಫೋನಿನಲ್ಲಿ ಬಂತು. ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕೆಂದು ಈ ಬರಹ.

ಮೊದಲು ವಿಜ್ಞಾನದ ಸುದ್ದಿ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯಲ್ಲಿ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸುತ್ತಾರೆ. ಅಲ್ಲಿನ 'ಆಲಿಸ್' ಪ್ರಯೋಗದ ವಿಜ್ಞಾನಿಗಳು ಮೇ ತಿಂಗಳಲ್ಲಿ ಒಂದು ವಿಷಯ ಪ್ರಕಟಿಸಿದರು: ಸೀಸ ಬಂಗಾರವಾಗಿದೆ. ಸೀಸದ ಪರಮಾಣು ಕೇಂದ್ರದಲ್ಲಿ 82 ಪ್ರೋಟಾನುಗಳು, ಬಂಗಾರದಲ್ಲಿ 79. ಎರಡು ಸೀಸದ ಕೇಂದ್ರಗಳು ಒಂದಕ್ಕೊಂದು ಬಡಿಯದೆ, ತೀರ ಹತ್ತಿರದಿಂದ ಹಾದುಹೋದಾಗ ಅವುಗಳ ನಡುವಿನ ವಿದ್ಯುತ್ಕಾಂತ ಬಲಕ್ಕೆ ಕೆಲವೊಮ್ಮೆ ಮೂರು ಪ್ರೋಟಾನುಗಳು ಹಾರಿಹೋಗುತ್ತವೆ. ಉಳಿಯುವುದು ಬಂಗಾರ. ಶತಮಾನಗಳ ಕಾಲ ರಸವಾದಿಗಳು ಕಂಡ ಕನಸು ಹೀಗೆ ನಿಜವಾಯಿತು.

ಎಷ್ಟು ಬಂಗಾರ? ಎಂಜಿನಿಯರನಾದವನು ಮೊದಲು ಕೇಳುವ ಪ್ರಶ್ನೆ ಅದೇ. 2015ರಿಂದ 2018ರವರೆಗಿನ ಪ್ರಯೋಗದಲ್ಲಿ ಸುಮಾರು 8,600 ಕೋಟಿ ಬಂಗಾರದ ಪರಮಾಣು ಕೇಂದ್ರಗಳು ಹುಟ್ಟಿದವು. ತೂಕ 29 ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಭಾಗಗಳಲ್ಲಿ ಒಂದು ಭಾಗ. ಅದೂ ಕ್ಷಣಾರ್ಧದಲ್ಲಿ ಕೊಳವೆಗೆ ಬಡಿದು ಚೂರಾಗುತ್ತದೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಅದೇ ವೇಗದಲ್ಲಿ ಹತ್ತು ಗ್ರಾಂ ಬಂಗಾರ ಮಾಡಬೇಕಾದರೆ ಈ ವಿಶ್ವ ಹುಟ್ಟಿ ಇಲ್ಲಿಯವರೆಗೆ ಕಳೆದ ಕಾಲದ ನೂರು ಪಟ್ಟು ಕಾಲ ಬೇಕು.

ಹಾಗಾದರೆ ನಮ್ಮ ಕೊರಳ ಬಂಗಾರ ಎಲ್ಲಿಂದ ಬಂತು? 2017ರ ಆಗಸ್ಟ್ 17ರಂದು ವಿಜ್ಞಾನಿಗಳಿಗೆ ಒಂದು ಗುರುತ್ವ ಅಲೆ ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಿದ್ದವು. ಅಂಥ ಡಿಕ್ಕಿಯಲ್ಲಿ ಬಂಗಾರದಂಥ ಭಾರವಾದ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ ಆ ಬೆಳಕಿನಲ್ಲಿ ಸಾಕ್ಷ್ಯ ದೊರೆಯಿತು. ಇಂಥ ಅಲೆಗಳನ್ನು ಹಿಡಿಯುವ ಭಾರತದ ಕೇಂದ್ರ ಬರಲಿರುವುದು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ. ಹಿಂದೆ ನಮ್ಮಂತೆಯೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ನೆಲ ಅದು. ನಮ್ಮ ಮನೆಯ ಉಂಗುರದಲ್ಲಿರುವ ಬಂಗಾರ ಈ ಭೂಮಿಗಿಂತ ಹಳೆಯದು. ಅಂದರೆ 450 ಕೋಟಿ ವರ್ಷಕ್ಕಿಂತ ಹಿಂದಿನದು.

ಈಗ ಹೇಳಿ, ಅಷ್ಟು ಹಳೆಯ ವಸ್ತುವಿಗೆ ತದಿಗೆ ಏನು, ಅಮಾವಾಸ್ಯೆ ಏನು? ಅದರ ಕೇಂದ್ರದಲ್ಲಿ 79 ಪ್ರೋಟಾನುಗಳು ಇರುವತನಕ ಅದು ಬಂಗಾರವೇ. ತುಕ್ಕು ಹಿಡಿಯದು, ಸವೆಯುವುದೂ ಬಹಳ ನಿಧಾನ. ಮಂಗಳವಾರ ರಾಹುಕಾಲದಲ್ಲಿ ಕೊಂಡರೂ ಅದು ಅಷ್ಟೇ ಅಕ್ಷಯ. ವಾರ, ತಿಥಿ, ತಾರಾಬಲ, ಚಂದ್ರಬಲಗಳ ಲೆಕ್ಕವನ್ನು ಹನ್ನೆರಡನೆಯ ಶತಮಾನದಲ್ಲೇ ಬದಿಗಿಟ್ಟವರು ಬಸವಣ್ಣನವರು. ಅವರ ಹುಟ್ಟಿದ ದಿನದಂದೇ ನಾವು ಪಂಚಾಂಗ ನೋಡಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತೇವೆ. ವೈಶಾಖ ಶುದ್ಧ ತದಿಗೆಯಂದು ಎರಡೂ ಕೂಡಿ ಬರುವುದರಿಂದ ಒಂದರ ಪ್ರಚಾರದಲ್ಲಿ ಇನ್ನೊಂದು ಮುಚ್ಚಿಹೋಗುತ್ತಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಾವೆಲ್ಲ ಹಿಗ್ಗಿದೆವು. ಸಂಸ್ಕೃತಿ ಘೋಷಣೆಯಿಂದ ಬರುವುದಿಲ್ಲ. ಆ ದಿನ ನಮ್ಮ ಕಾಲುಗಳು ಯಾವ ಕಡೆ ನಡೆಯುತ್ತವೆ ಎಂಬುದರಲ್ಲಿ ಕಾಣುತ್ತದೆ.

ಇನ್ನು ಮಾರುಕಟ್ಟೆಯ ಸುದ್ದಿ. ಏಪ್ರಿಲ್ 22ರಂದು ಹತ್ತು ಗ್ರಾಂ ಅಪರಂಜಿಯ ಬೆಲೆ 1 ಲಕ್ಷ ರೂಪಾಯಿ ಮುಟ್ಟಿತು. ನಮ್ಮ ಕಡೆ ಈಗ ತೊಲಿ ಎಂದರೆ ಹತ್ತು ಗ್ರಾಂ ಎಂದೇ ಲೆಕ್ಕ. ಬಂಗಾರ ಇದ್ದವರಿಗೆ ಇದು ಸಿಹಿ ಸುದ್ದಿ. ಕೊಡಬೇಕಾದವರಿಗೆ?

ನನ್ನ ತಮ್ಮ ಕಮಲಾಪುರದಲ್ಲಿ ಒಕ್ಕಲುತನ ಮಾಡುತ್ತಾನೆ. ಎಂಟು ಎಕರೆ ಮಳೆಯಾಶ್ರಿತ ತೊಗರಿ. ಬಾವಿಯ ಕೆಳಗೆ ಒಂದಿಷ್ಟು ಕೆಂಪು ಬಾಳೆ. ಕಮಲಾಪುರದ ಆ ಬಾಳೆಗೂ ಕಲಬುರಗಿಯ ತೊಗರಿಗೂ ಭೌಗೋಳಿಕ ಸೂಚಕ ಸಿಕ್ಕಿದೆ, ಹೆಸರಿದೆ. ಹೆಸರಿನಿಂದ ಕಿಸೆ ತುಂಬುವುದಿಲ್ಲ. 2024ರ ದೀಪಾವಳಿ ಮುಗಿದ ಮೇಲೆ ಅವನ ಮಗಳ ನಿಶ್ಚಯವಾಯಿತು. ಗಂಡಿನವರು ಒಳ್ಳೆಯವರು, ನಮ್ಮ ಹಾಗೆಯೇ ಲಿಂಗ ಕಟ್ಟಿಕೊಂಡವರು. ರೊಕ್ಕ ಕೇಳಲಿಲ್ಲ. "ನಮಗೇನೂ ಬ್ಯಾಡ್ರಿ, ಹುಡುಗಿ ಮೈಮ್ಯಾಲೆ ಹತ್ತ ತೊಲಿ ಹಾಕ್ರಿ ಸಾಕು" ಎಂದರು. ಹಿರಿಯನೆಂದು ಜಮಖಾನೆಯ ಮೇಲೆ ಕೂತಿದ್ದ ನಾನೂ ತಲೆಯಾಡಿಸಿದೆ. ಎಲ್ಲರೂ ಸಕ್ಕರೆ ತಿಂದೆವು.

ಆಗ ತೊಲಿಯ ಬೆಲೆ ಸುಮಾರು 80 ಸಾವಿರ. ಮೇ ತಿಂಗಳಲ್ಲಿ ಮದುವೆ ಆಗುವ ಹೊತ್ತಿಗೆ ಲಕ್ಷದ ಹತ್ತಿರ. ಮಾತು ರೂಪಾಯಿಯಲ್ಲಿ ಆಗಿರಲಿಲ್ಲ, ತೊಲಿಯಲ್ಲಿ ಆಗಿತ್ತು. ಯಾರೂ ಒಂದು ಮಾತು ಹೆಚ್ಚು ಕೇಳದೆ, ಆರು ತಿಂಗಳಲ್ಲಿ ನನ್ನ ತಮ್ಮನ ಹೊರೆ ಒಂದೂವರೆ ಲಕ್ಷದ ಮೇಲೆ ಏರಿತು. ಏಪ್ರಿಲ್ 30ರ ಸಂಜೆ ಅವನು ಫೋನ್ ಮಾಡಿ, "ಅಣ್ಣಾ, ಆಕಿ ಒಡವಿ ಅಡ ಇಟ್ಟು ಬಂದೀನಿ. ಇನ್ನ ನಾಕ ತೊಲಿ ಆಗಬೇಕಾಗಿತ್ತಲ್ಲ" ಎಂದ. ಹೆಂಡತಿಯ ಬಂಗಾರ ಅಡವಿಟ್ಟು ಮಗಳಿಗೆ ಬಂಗಾರ ಕೊಂಡಿದ್ದ. ಅದೂ ಬಸವ ಜಯಂತಿಯ ದಿನ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಲೆಕ್ಕ ಮಾಡಿದೆ. ಓದುಗರೂ ನನ್ನೊಡನೆ ಲೆಕ್ಕ ಮಾಡಿರಿ. 2024–25ರಲ್ಲಿ ತೊಗರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ತೊಲಿಗೆ ಲಕ್ಷ ಎಂದರೆ ಹದಿಮೂರು ಕ್ವಿಂಟಲಿಗೂ ಮೇಲೆ ತೊಗರಿ. ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಮೂರೂಕಾಲು ಎಕರೆಯ ಪೂರ್ತಿ ಬೆಳೆ ಒಂದು ತೊಲಿಗೆ. ಹತ್ತು ತೊಲಿ ಎಂದರೆ ನನ್ನ ತಮ್ಮನ ಎಂಟು ಎಕರೆಯ ನಾಲ್ಕು ವರ್ಷದ ತೊಗರಿ. ಬೀಜ, ಗೊಬ್ಬರ, ಔಷಧ, ಆಳಿನ ಕೂಲಿ ಯಾವುದನ್ನೂ ಕಳೆಯದೆ ಬಂದ ಲೆಕ್ಕ ಇದು.

ಇಪ್ಪತ್ತೈದು ವರ್ಷ ಹಿಂದೆ ಹೋಗೋಣ. 2000ದಲ್ಲಿ ಹತ್ತು ಗ್ರಾಂ ಬಂಗಾರಕ್ಕೆ ಸುಮಾರು 4,400 ರೂಪಾಯಿ. ತೊಗರಿಯ ಬೆಂಬಲ ಬೆಲೆ 1,200. ಅಂದರೆ ಒಂದು ತೊಲಿಗೆ ನಾಲ್ಕು ಕ್ವಿಂಟಲಿಗಿಂತ ಕಡಿಮೆ. ಆಗ ಒಂದೇ ಎಕರೆಯ ಬೆಳೆಯಲ್ಲಿ ಬರುತ್ತಿದ್ದದ್ದಕ್ಕೆ ಈಗ ಮೂರು ಎಕರೆಯ ಬೆಳೆ ಸಾಲದು. ನಾವು ಮಾತ್ರ ಅಂದಿನ ತೊಲಿಯ ಲೆಕ್ಕವನ್ನೇ ಇಂದಿಗೂ ಆಡುತ್ತಿದ್ದೇವೆ. "ನಿನ್ನ ಅಕ್ಕಗ ಹತ್ತ ತೊಲಿ ಹಾಕಿದ್ವಿ, ತಂಗಿಗೆ ಕಡಿಮಿ ಹ್ಯಾಂಗ ಹಾಕೋದು?" ಎನ್ನುತ್ತೇವೆ. ಸೇತುವೆಯ ಮೇಲೆ ಮೂರು ಪಟ್ಟು ಭಾರ ಹೇರಿ, ನಕಾಶೆ ಹಳೆಯದೇ ಇರಲಿ ಎಂದರೆ ಏನಾಗುತ್ತದೆ ಎಂಬುದನ್ನು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ನಾನು ಯಾರಿಗೂ ಹೇಳಿಕೊಡಬೇಕಿಲ್ಲ.

ಮೂರನೆಯದು ರಿಸರ್ವ್ ಬ್ಯಾಂಕಿನ ಸುದ್ದಿ. ಜೂನ್ 6ರಂದು ಬಂಗಾರದ ಮೇಲಿನ ಸಾಲಕ್ಕೆ ಹೊಸ ನಿಯಮಗಳು ಬಂದವು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಬೆಲೆಯ ನೂರಕ್ಕೆ 85ರವರೆಗೆ ಕೊಡಬಹುದು. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ 2026ರ ಏಪ್ರಿಲ್ 1ರೊಳಗೆ ಇದನ್ನು ಜಾರಿಗೆ ತರಬೇಕೆಂದು ಗಡುವು ಹಾಕಲಾಯಿತು. ಬಡವರ ಪಾಲಿಗೆ ಒಳ್ಳೆಯ ನಿಯಮಗಳೇ. ಕೈಗಡ ಕೊಡುವವರ ಬಾಗಿಲಿಗೆ ಹೋಗುವುದು ತಪ್ಪಿದರೆ ಅಷ್ಟು ಒಳ್ಳೆಯದು. ಆದರೆ ಹೆಚ್ಚು ಸಾಲ ಸಿಗುತ್ತದೆ ಎಂದರೆ ಹೆಚ್ಚು ಬಡ್ಡಿಯನ್ನೂ ಕಟ್ಟಬೇಕು. ಎರಡೂವರೆ ಲಕ್ಷಕ್ಕೆ ನೂರಕ್ಕೆ 12ರ ಬಡ್ಡಿ ಎಂದು ಹಿಡಿಯಿರಿ. ವರ್ಷಕ್ಕೆ 30 ಸಾವಿರ. ಮತ್ತೆ ನಾಲ್ಕು ಕ್ವಿಂಟಲ್ ತೊಗರಿ, ಒಂದು ಎಕರೆಯ ಬೆಳೆ, ಬರೀ ಬಡ್ಡಿಗೆ. ಬಂಗಾರ ಅಕ್ಷಯವಾಗುವುದೋ ಇಲ್ಲವೋ, ಸಾಲ ಮಾತ್ರ ಅಕ್ಷಯವಾಗುತ್ತದೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸುಮ್ಮನೆ ಕೇಳಲಿಲ್ಲ. "ನಿಮ್ಮ ಲೆಕ್ಕ ಖರೇ ಅದರಿ. ಆದ್ರ ಹೆಣ್ಣಮಕ್ಕಳ ಹೆಸರಲೆ ಹೊಲ ಅದನೇನು? ಮನಿ ಅದನೇನು? ಆಕಿ ಕೈಯಾಗ ಇರೋದು ಅದೊಂದೇ. ನಿಮ್ಮ ಅವ್ವನ ಬೋರಮಾಳ ಮರತ್ರೇನು?" ಎಂದಳು.

ಮರೆತಿಲ್ಲ. 1972ರ ಬರದಲ್ಲಿ ನಾನು ಸಣ್ಣವನು. ಹೊಲದಲ್ಲಿ ಒಂದು ಕಡ್ಡಿ ಹಸಿರು ಇರಲಿಲ್ಲ. ಅವ್ವ ಕೊರಳ ಬೋರಮಾಳ ಬಿಚ್ಚಿ ಅಪ್ಪನ ಕೈಗೆ ಕೊಟ್ಟದ್ದು, ಅಪ್ಪ ಮೂರು ಚೀಲ ಜೋಳ ತಂದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಜೋಳದ ರೊಟ್ಟಿ ತಿಂದೇ ನಾನು ಮುಂದೆ ಎಂಜಿನಿಯರನಾದೆ. ಆದ್ದರಿಂದ ಬಂಗಾರವನ್ನು ಹಳಿಯಲು ಈ ಲೇಖನ ಬರೆಯುತ್ತಿಲ್ಲ. ಅವ್ವನ ಕೊರಳಲ್ಲಿದ್ದದ್ದು ಆಪತ್ತಿನ ಬುತ್ತಿ. ಅವಳದನ್ನು ಅವಳೇ ಬಿಚ್ಚಿ ಕೊಟ್ಟಳು. ಹೆಣ್ಣುಮಗಳೊಬ್ಬಳು ತನ್ನ ದುಡಿಮೆಯಿಂದ, ತನ್ನ ಮನಸ್ಸಿನಿಂದ ನಾಲ್ಕು ಗುಂಜಿ ಕೂಡಿಡುವುದನ್ನು ಯಾರೂ ತಪ್ಪೆನ್ನಲಾರರು. ಇನ್ನೊಬ್ಬರ ಮನೆಯವರು ಇಷ್ಟು ತೊಲಿ ಎಂದು ತೂಕ ಕಟ್ಟುವಾಗ ಅದು ಬುತ್ತಿಯಾಗಿ ಉಳಿಯುವುದಿಲ್ಲ. ಆಗ ಅದಕ್ಕೆ ವರದಕ್ಷಿಣೆ ಎಂದು ಹೆಸರು. 1961ರಿಂದ ಕಾನೂನಿನಲ್ಲಿ ಅದು ಅಪರಾಧ, ಕೊಡುವವನಿಗೂ ತೆಗೆದುಕೊಳ್ಳುವವನಿಗೂ.

ನಗುವ ಹಕ್ಕು ನನಗಿಲ್ಲ ಎಂದೆನಲ್ಲ, ಅದರ ಕಾರಣ ಇದು. 1986ರಲ್ಲಿ ನನ್ನ ಮದುವೆಯಾಯಿತು. ಸರ್ಕಾರಿ ನೌಕರಿಯ ಎಂಜಿನಿಯರ್ ಅಳಿಯ ಎಂದು ನನ್ನ ಅಪ್ಪ ಐದು ತೊಲಿ ಮಾತಾಡಿದ. ಆಗ ತೊಲಿಗೆ ಎರಡು ಸಾವಿರದ ಆಸುಪಾಸು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಬೇಡ ಎನ್ನಲಿಲ್ಲ. ಮಾವನವರು ಆ ವರ್ಷ ಒಂದು ಜೋಡಿ ಎತ್ತು ಮಾರಿದರೆಂದೂ, ಮುಂದಿನ ಮುಂಗಾರಿನಲ್ಲಿ ಬಾಡಿಗೆ ಎತ್ತಿನಿಂದ ಬಿತ್ತಿದರೆಂದೂ ನನಗೆ ಗೊತ್ತಾದದ್ದು ಅವರು ಲಿಂಗೈಕ್ಯರಾದ ಮೇಲೆ. ಹೇಳಿದವಳು ಹೆಂಡತಿ. ಮೂವತ್ತು ವರ್ಷ ಅವಳು ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಷ್ಟೂ ವರ್ಷ ನಾನು ಬಸವ ಜಯಂತಿಯಂದು ವೇದಿಕೆ ಏರಿ ಕಾಯಕ, ದಾಸೋಹದ ಮೇಲೆ ಭಾಷಣ ಮಾಡಿದ್ದೇನೆ.

ಶರಣರು ಬಂಗಾರ ಮುಟ್ಟದವರೇನಲ್ಲ. ನಮ್ಮಿಂದ ಎರಡು ತಾಸಿನ ದಾರಿಯಲ್ಲಿರುವ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರವನ್ನೇ ನೋಡಿಕೊಂಡರು. ದಿನವಿಡೀ ಹೊನ್ನಿನ ನಡುವೆಯೇ ಅವರ ಕಾಯಕ. ಆಗದವರು ದೂರು ಹೇಳಿ ಭಂಡಾರವನ್ನು ಎಣಿಸಿದಾಗ ಲೆಕ್ಕ ಸರಿ ಇತ್ತೆಂದು ಶರಣ ಚರಿತ್ರೆ ಹೇಳುತ್ತದೆ. ಅಲ್ಲಮಪ್ರಭುಗಳೂ ದೋಷವನ್ನು ವಸ್ತುವಿನಲ್ಲಿ ಹುಡುಕದೆ ನಮ್ಮ ಹಂಬಲದಲ್ಲಿ ಹುಡುಕಿದರು.

ನೌಕರಿಯಲ್ಲಿದ್ದಾಗ ಕೆಲ ವರ್ಷ ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿದ್ದೆ. ಆ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ನಾಡಿಗೆ ಉಳಿದ ದೊಡ್ಡ ಗಣಿ ಅದೊಂದೇ. ಟನ್ ಕಲ್ಲು ಒಡೆದರೆ ಕೆಲವೇ ಗ್ರಾಂ ಬಂಗಾರ. ನೆಲದಾಳದಿಂದ ಮೇಲೆ ಬಂದ ಕಾರ್ಮಿಕರ ಮುಖ ಧೂಳಿನಲ್ಲಿ ಗುರುತು ಸಿಗುತ್ತಿರಲಿಲ್ಲ. ಇಡೀ ವರ್ಷ ಅಷ್ಟು ದುಡಿದರೂ ಅಲ್ಲಿ ಬರುವುದು ಎರಡು ಟನ್ನಿಗಿಂತ ಕಡಿಮೆ. 2024ರಲ್ಲಿ ನಮ್ಮ ದೇಶ ಕೊಂಡದ್ದು ಸುಮಾರು 800 ಟನ್. ಉಳಿದದ್ದು ಹೆಚ್ಚಾಗಿ ಹೊರದೇಶದಿಂದ ಬರಬೇಕು.

ಅದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಕಲ್ಯಾಣಕ್ಕೆ ಬಂದು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಗಂಡನನ್ನು ಹೊಗಳಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳಿ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಒಂದೇ ತಾಲ್ಲೂಕಿನ ನೆಲದಲ್ಲಿ ಹಟ್ಟಿಯ ಬಂಗಾರವೂ ಇದೆ, ಲಕ್ಕಮ್ಮನ ಆ ಪ್ರಶ್ನೆಯೂ ಇದೆ. ಬಂಗಾರವನ್ನು ಮಾತ್ರ ಅಗೆದು ಮನೆಗೆ ತಂದೆವು. ಪ್ರಶ್ನೆಯನ್ನು ಅಲ್ಲೇ ಬಿಟ್ಟೆವು. ನನ್ನ ಮದುವೆಯ ಐದು ತೊಲಿ ಮನೆಗೆ ಬಂದ ದಿನ ಯಾರಾದರೂ "ಇದು ಎಲ್ಲಿಂದ ಬಂತು" ಎಂದು ಕೇಳಿದ್ದರೆ ಮಾವನವರ ಎತ್ತು ಕೊಟ್ಟಿಗೆಯಲ್ಲಿ ಉಳಿಯುತ್ತಿದ್ದವು.

ಬರೀ ಖಂಡಿಸಿ ಕೂರುವುದು ಸುಲಭ. ಮಠಗಳ ಮೂಲಕ ಮನೆಮನೆಗೆ ಹೋಗುವ ಪತ್ರಿಕೆ ಇದಾದ್ದರಿಂದ ನಾಲ್ಕು ಮಾತು ಮುಂದಿಡುತ್ತೇನೆ.

ಮೊದಲನೆಯದು, ಬಸವ ಜಯಂತಿಯ ಆಮಂತ್ರಣ ಪತ್ರಿಕೆ, ಕಮಾನು, ಫಲಕಗಳಲ್ಲಿ ಬಂಗಾರದಂಗಡಿಯ ಜಾಹೀರಾತು ಬೇಡ. ದೇಣಿಗೆ ಕಡಿಮೆಯಾದರೆ ಪೆಂಡಾಲು ಸಣ್ಣದಾಗಲಿ. ಕೊಳ್ಳಲೇಬೇಕಾದವರು ಬೇರೆ ದಿನ ಕೊಳ್ಳಲಿ. ಎರಡನೆಯದು, ಪೂಜ್ಯರು ನಿಶ್ಚಯ ಕಾರ್ಯಗಳಿಗೆ ಹೋದಾಗ, ಅಲ್ಲಿ ತೊಲಿಯ ಮಾತು ಆಗಿದೆಯೇ ಎಂದು ಒಂದು ಸಲ ಕೇಳಲಿ. ಸ್ವಾಮಿಗಳ ಮುಂದೆ ಸುಳ್ಳು ಹೇಳಲು ನಮ್ಮ ಜನ ಇನ್ನೂ ಅಂಜುತ್ತಾರೆ. ಜಾತ್ರೆಗಳಲ್ಲಿ ಸಾಮೂಹಿಕ ಕಲ್ಯಾಣ ಮಹೋತ್ಸವ ನಡೆಸುವ ಮಠಗಳು ನಮ್ಮಲ್ಲಿ ಹಲವಿವೆ. ಆ ಮಂಟಪದಲ್ಲಿ ಉಳ್ಳವರ ಮಕ್ಕಳೂ ಕೂತರೆ ಅದು ಬಡವರ ಮದುವೆ ಎಂಬ ಹೆಸರು ತೊಲಗುತ್ತದೆ. ಮೂರನೆಯದು, ಮಗಳಿಗೆ ಕೊಡಬೇಕೆನಿಸಿದರೆ ಅವಳ ಹೆಸರಿನಲ್ಲಿ ಹೊಲ ಬರೆಯಿರಿ, ಠೇವಣಿ ಇಡಿ, ಓದಿಸಿ. ಕೊಳ್ಳುವ ಒಡವೆಯ ಮೇಲೆ ನೂರಕ್ಕೆ 3 ಜಿಎಸ್‌ಟಿ ಇದೆ, ಮಜೂರಿ ಬೇರೆ. ಮರುದಿನವೇ ಮಾರಲು ಹೋದರೆ ಅವೆರಡೂ ಮರಳಿ ಬರುವುದಿಲ್ಲ. ಕೊಳ್ಳುವುದೇ ಆದರೆ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ ನೋಡಿ, ರಸೀದಿ ಪಡೆದು ಕೊಳ್ಳಿರಿ. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ನಾಲ್ಕನೆಯದು, ಚಿನ್ನದ ಕರಡಿಗೆಯ ಶೋಕಿ ಬಿಡೋಣ. ಒಳಗಿರುವ ಇಷ್ಟಲಿಂಗಕ್ಕೆ ಹೊರಗಿನ ಲೋಹ ಯಾವುದೆಂಬುದರ ಹಂಗಿಲ್ಲ. ಅರಳಗುಂಡಗಿಯಿಂದ ಬಂದು ನಮ್ಮ ಊರಿನಲ್ಲಿ ನೆಲೆನಿಂತ ಶರಣಬಸವೇಶ್ವರರನ್ನು ಇನ್ನೂರು ವರ್ಷಗಳಾದರೂ ಜನ ನೆನೆಯುವುದು ಅವರು ನಡೆಸಿದ ದಾಸೋಹಕ್ಕಾಗಿ.

ಕೊನೆಗೆ ನನ್ನ ಮಾತು. ನನ್ನ ಕಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನೂ ಎಂಜಿನಿಯರ್. ನಮ್ಮ ಬಾಯಿಂದ ತೊಲಿಯ ಮಾತು ಬರುವುದಿಲ್ಲ. ಆ ಕಡೆಯವರೇ ಎತ್ತಿದರೂ ಬೇಡ ಎನ್ನುತ್ತೇವೆ. ಮಗನನ್ನು ಕೇಳಿದೆ, ಒಪ್ಪಿದ್ದಾನೆ. ಹೆಂಡತಿ ಮಾತ್ರ, "ಭಾಷಣದಾಗ ಹೇಳಿದ್ರ ಸಾಲದರಿ, ಬರದ ಕೊಡ್ರಿ" ಎಂದಳು. ಬರೆದು ಕೊಟ್ಟಿದ್ದೇನೆ. ನಾಳೆ ನಾನು ಜಾರಿಕೊಳ್ಳಲು ಹೋದರೆ ಈ ಪುಟ ಹಿಡಿದು ಕೇಳಿರಿ.

ತಮ್ಮನ ಹೆಂಡತಿಯ ಒಡವೆ ಇನ್ನೂ ಅಡವಿನಲ್ಲಿದೆ. ನಿಶ್ಚಯದ ದಿನ ತಲೆಯಾಡಿಸಿದ ತಪ್ಪು ನನ್ನದೂ ಆದ್ದರಿಂದ ಈ ವರ್ಷದ ಬಡ್ಡಿ ನನ್ನ ಪಿಂಚಣಿಯಿಂದ ಹೋಗುತ್ತದೆ. ಮುಂದಿನ ಬಸವ ಜಯಂತಿಯೊಳಗೆ ಆ ಒಡವೆ ಅವಳ ಕೊರಳಿಗೆ ಮರಳಿದರೆ, ಆ ದಿನ ನಮ್ಮ ಮನೆಗೆ ಬಂದ ಬಂಗಾರ ಅದೊಂದೇ ಸಾಕು.